ನಾಳ ಕಿರಿದಾದರೆ ಒತ್ತಡ ಏರುತ್ತದೋ, ಇಳಿಯುತ್ತದೋ? ಬರ್ನೌಲಿ ನಿಯಮ ಮತ್ತು ಬಿ.ಪಿ.

ಪಿಯು_ಭೌತಶಾಸ್ತ್ರ:

ಪ್ರಥಮ ಪಿಯುಸಿಯಲ್ಲಿ ದ್ರವಗಳ ಪಾಠ ಮುಗಿಯುವ ಹೊತ್ತಿಗೆ ಮಕ್ಕಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಬರ್ನೌಲಿ ನಿಯಮದ ಪ್ರಕಾರ ಕೊಳವೆ ಕಿರಿದಾದ ಕಡೆ ವೇಗ ಹೆಚ್ಚು, ಒತ್ತಡ ಕಡಿಮೆ. ವೈದ್ಯರು ಮಾತ್ರ ರಕ್ತನಾಳ ಕಿರಿದಾದರೆ ಬಿ.ಪಿ. ಏರುತ್ತದೆ ಅನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಇದಕ್ಕೆ ಅಂಟಿಕೊಂಡೇ ಇನ್ನೊಂದು. ಸಾತತ್ಯ ಸಮೀಕರಣದಲ್ಲಿ ಅಡ್ಡಕೊಯ್ತ ಕಡಿಮೆಯಾದರೆ ವೇಗ ಹೆಚ್ಚಬೇಕು. ಲೋಮನಾಳಗಳು ಎಲ್ಲಕ್ಕಿಂತ ಕಿರಿದು, ಆದರೂ ರಕ್ತ ಅಲ್ಲೇ ಅತಿ ನಿಧಾನವಾಗಿ ಹರಿಯುತ್ತದೆ. ಏಕೆ?

ತೋಟದ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿ ತೋರಿಸುವುದು ವಾಡಿಕೆ. ಅದು ಯಾವುದಕ್ಕೆ ಉದಾಹರಣೆ ಅನ್ನುವುದೇ ಗೊಂದಲವಾಗುತ್ತದೆ. ದಯವಿಟ್ಟು ಸಂಖ್ಯೆಗಳ ಸಮೇತ ವಿವರಿಸಿ. "ದೇಹ ಬೇರೆ, ಪೈಪು ಬೇರೆ" ಅಂದರೆ ಮಕ್ಕಳು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ನಾಡಿ_ಪಾಠ (ಶರೀರಕ್ರಿಯಾಶಾಸ್ತ್ರ):

ಸರ್, ಎರಡೂ ನಿಜ. ಅವು ಹೇಳುತ್ತಿರುವುದು ಬೇರೆ ಬೇರೆ ಜಾಗದ ಒತ್ತಡವನ್ನು. ಬರ್ನೌಲಿ ಲೆಕ್ಕ ಕಿರಿದಾದ ಜಾಗದ ಒಳಗಿನ ಒತ್ತಡದ್ದು. ಬಿ.ಪಿ. ಅಳೆಯುವುದು ಆ ಜಾಗಕ್ಕಿಂತ ಹಿಂದೆ, ಹೃದಯದ ಕಡೆಯ ದೊಡ್ಡ ನಾಳದಲ್ಲಿ.

ನಿಮ್ಮ ಪೈಪಿನಲ್ಲಿ ಎರಡೂ ಒಟ್ಟಿಗೇ ಇವೆ. ಬೆರಳು ಒತ್ತಿದಾಗ ಹರಿವು ಕಡಿಮೆಯಾಗುತ್ತದೆ. ಹರಿವು ಕಡಿಮೆಯಾದ್ದರಿಂದ ಉದ್ದ ಪೈಪಿನಲ್ಲಿ ಘರ್ಷಣೆಗೆ ಸೋರಿಹೋಗುತ್ತಿದ್ದ ಒತ್ತಡವೂ ಕಡಿಮೆ. ಹಾಗಾಗಿ ಬೆರಳಿನ ಹಿಂದಿನ ಒತ್ತಡ ಟ್ಯಾಂಕಿನ ಒತ್ತಡದ ಹತ್ತಿರಕ್ಕೆ ಏರುತ್ತದೆ, ಪೈಪು ಬಿಗಿಯಾಗುವುದು ಕೈಗೇ ತಿಳಿಯುತ್ತದೆ. ಬೆರಳಿನ ಸಂದಿಯಲ್ಲಿ ಮಾತ್ರ ಆ ಒತ್ತಡ ನೀರಿನ ವೇಗದ ರೂಪಕ್ಕೆ ತಿರುಗುತ್ತದೆ. ಸಂದಿಯದು ಬರ್ನೌಲಿ, ಹಿಂದಿನದು ರೋಧದ, ಅಂದರೆ ಹರಿವಿಗೆ ಆಗುವ ತಡೆಯ ಲೆಕ್ಕ.

ದೇಹದಲ್ಲಿ ಬರ್ನೌಲಿಯ ಪಾಲು ಎಷ್ಟು ಅನ್ನುವುದನ್ನು ಮಕ್ಕಳೇ ಲೆಕ್ಕ ಹಾಕಬಹುದು. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್, ಅಂದರೆ ಸೆಕೆಂಡಿಗೆ 83 ಘನ ಸೆಂ.ಮೀ. ರಕ್ತ ತಳ್ಳುತ್ತದೆ. ಮಹಾಪಧಮನಿಯ ಅಡ್ಡಕೊಯ್ತ 2.5 ಚದರ ಸೆಂ.ಮೀ. ಎಂದು ಹಿಡಿದರೆ ಸರಾಸರಿ ವೇಗ ಸೆಕೆಂಡಿಗೆ 33 ಸೆಂ.ಮೀ. ರಕ್ತದ ಸಾಂದ್ರತೆ ಘನ ಮೀಟರಿಗೆ 1060 ಕೆ.ಜಿ. ಅರ್ಧ × ಸಾಂದ್ರತೆ × ವೇಗದ ವರ್ಗ ಹಾಕಿ ಪಾದರಸಕ್ಕೆ ಬದಲಾಯಿಸಿದರೆ ಅರ್ಧ ಮಿ.ಮೀ. ಕೂಡ ಬರುವುದಿಲ್ಲ. ಅದೇ ನಾಳದಲ್ಲಿ ಸರಾಸರಿ ಒತ್ತಡ 93 ಮಿ.ಮೀ. (120/80 ಇದ್ದವರಿಗೆ 80 + 40ರ ಮೂರನೇ ಒಂದು ಭಾಗ). 93ರ ಮುಂದೆ ಅರ್ಧ! ಆರೋಗ್ಯವಂತ ನಾಳಗಳಲ್ಲಿ ಬಿ.ಪಿ.ಯನ್ನು ನಿರ್ಧರಿಸುವುದು ಬರ್ನೌಲಿ ಪದ ಅಲ್ಲ, ಸ್ನಿಗ್ಧತೆಯಿಂದ (ದ್ರವದ ಒಳಘರ್ಷಣೆಯಿಂದ) ಆಗುವ ನಷ್ಟ.

ಆ ನಷ್ಟಕ್ಕೆ ಸೂತ್ರ ಕೊಟ್ಟವರು ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ. ಪಾದರಸದ ಕೊಳವೆಯಿಂದ ಅಪಧಮನಿಯ ಒತ್ತಡ ಅಳೆಯುವ ಉಪಕರಣವನ್ನು 1828ರಲ್ಲೇ ರೂಪಿಸಿದವರೂ ಅವರೇ. ಭೌತಶಾಸ್ತ್ರದ ಪಾಠದಲ್ಲಿ ಅವರು ಬರೀ ಒಂದು ಸೂತ್ರವಾಗಿ ಉಳಿದುಬಿಟ್ಟಿರುವುದು ಬೇಸರದ ಸಂಗತಿ.

ಹರಿವು = ಒತ್ತಡ ವ್ಯತ್ಯಾಸ × ಪೈ × ತ್ರಿಜ್ಯ⁴ ÷ (8 × ಸ್ನಿಗ್ಧತೆ × ಉದ್ದ)

ಇಲ್ಲಿ ಆಟ ಆಡಿಸುವುದು ಆ ನಾಲ್ಕನೇ ಘಾತ. ತ್ರಿಜ್ಯ ಶೇ. 10 ಕುಗ್ಗಿದರೆ ಅದೇ ಒತ್ತಡಕ್ಕೆ ಹರಿವು ಶೇ. 34 ಇಳಿಯುತ್ತದೆ. ಶೇ. 16 ಕುಗ್ಗಿದರೆ ಹರಿವು ಅರ್ಧ. ತ್ರಿಜ್ಯವೇ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲು.

ಈಗ ಒತ್ತಡ ಎಲ್ಲೆಲ್ಲಿ ಇಳಿಯುತ್ತದೆ ನೋಡಿ. ಮಹಾಪಧಮನಿಯ ಉದ್ದಕ್ಕೂ ಇಳಿಯುವುದು ಒಂದು ಮಿ.ಮೀ.ಗಿಂತ ಕಡಿಮೆ. ಆರ್ಟೀರಿಯೋಲ್ ಎನ್ನುವ ಕಿರುಧಮನಿಗಳ ಬಾಗಿಲಿಗೆ ಬರುವಾಗಲೂ ಸುಮಾರು 85 ಇರುತ್ತದೆ. ಅವನ್ನು ದಾಟಿ ಲೋಮನಾಳಕ್ಕೆ ಹೋಗುವಷ್ಟರಲ್ಲಿ 35. ಲೋಮನಾಳದ ಕೊನೆಯಲ್ಲಿ 10–15, ಬಲ ಹೃತ್ಕರ್ಣದಲ್ಲಿ ಸೊನ್ನೆಯ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಒತ್ತಡ ಖರ್ಚಾಗುವುದು ಕೆಲವೇ ಮಿ.ಮೀ. ಉದ್ದದ ಕಿರುಧಮನಿಗಳಲ್ಲಿ. ಅವುಗಳ ಗೋಡೆಯಲ್ಲಿ ಸ್ನಾಯು ಇದೆ, ನರಗಳು ಹಾಗೂ ಹಾರ್ಮೋನುಗಳು ಅದನ್ನು ಬಿಗಿ, ಸಡಿಲ ಮಾಡುತ್ತವೆ. ದೇಹದ ನಲ್ಲಿ ತಿರುಪು ಇರುವುದೇ ಅಲ್ಲಿ.

ದೇಹದಾದ್ಯಂತ ಇವು ಶೇ. 10 ಬಿಗಿಯಾದವು ಎಂದಿಟ್ಟುಕೊಳ್ಳಿ. ಅವುಗಳ ರೋಧ 1.52 ಪಟ್ಟು ಆಗುತ್ತದೆ. 93ರಲ್ಲಿ 50 ಅವುಗಳ ಪಾಲು, 43 ಉಳಿದವುಗಳ ಪಾಲು. ಹೃದಯ ಅದೇ 5 ಲೀಟರ್ ತಳ್ಳುತ್ತಲೇ ಇದ್ದರೆ 43 + 76 = 119. ಸರಾಸರಿ ಒತ್ತಡ 93ರಿಂದ 119ಕ್ಕೆ! ವಾಸ್ತವದಲ್ಲಿ ಹೃದಯದ ಹರಿವು ಸ್ವಲ್ಪ ತಗ್ಗುತ್ತದೆ, ಕತ್ತಿನ ನಾಳದಲ್ಲಿರುವ ಒತ್ತಡದ ಸಂವೇದಕಗಳು ಬಡಿತ ಇಳಿಸುತ್ತವೆ, ಮೂತ್ರಪಿಂಡ ಉಪ್ಪು–ನೀರು ಹೊರಹಾಕಿ ದಿನಗಳ ಲೆಕ್ಕದಲ್ಲಿ ಸರಿದೂಗಿಸಲು ನೋಡುತ್ತದೆ. ಬಿ.ಪಿ. ಬಹುಕಾಲ ಏರಿಯೇ ಉಳಿದಿದೆ ಎಂದರೆ ಮೂತ್ರಪಿಂಡವೂ ಆ ಹೊಸ ಮಟ್ಟಕ್ಕೆ ಹೊಂದಿಕೊಂಡಿದೆ ಎಂದೇ ಅರ್ಥ.

ಇನ್ನು ಲೋಮನಾಳ. ಸಾತತ್ಯ ಸಮೀಕರಣದಲ್ಲಿ ಹಾಕಬೇಕಾದ್ದು ಒಂದು ನಾಳದ ಅಡ್ಡಕೊಯ್ತವನ್ನಲ್ಲ, ಆ ಹಂತದ ಎಲ್ಲ ನಾಳಗಳ ಒಟ್ಟು ಅಡ್ಡಕೊಯ್ತವನ್ನು. ಲೋಮನಾಳಗಳ ಸಂಖ್ಯೆ ಸುಮಾರು 1000 ಕೋಟಿ, ಒಟ್ಟು ಅಡ್ಡಕೊಯ್ತ ಸುಮಾರು 2500 ಚದರ ಸೆಂ.ಮೀ., ಅಂದರೆ ಮಹಾಪಧಮನಿಯ ಸಾವಿರ ಪಟ್ಟು. ವೇಗ ಸಾವಿರದಲ್ಲೊಂದು ಪಾಲು, ಸೆಕೆಂಡಿಗೆ 0.3 ಮಿ.ಮೀ. ಲೋಮನಾಳದ ಉದ್ದ ಒಂದು ಮಿ.ಮೀ.ಗಿಂತ ಕಡಿಮೆಯಾದ್ದರಿಂದ ಕೆಂಪು ರಕ್ತಕಣಕ್ಕೆ ಅಲ್ಲಿ ಸಿಗುವುದು ಒಂದರಿಂದ ಮೂರು ಸೆಕೆಂಡು. ಆಮ್ಲಜನಕ ಬಿಟ್ಟುಕೊಡಲು ಅಷ್ಟು ಧಾರಾಳ ಸಾಕು.

ಬುದ್ಧಿವಂತ ವಿದ್ಯಾರ್ಥಿ ಇಲ್ಲಿ ಮತ್ತೆ ಕೇಳಬೇಕು: ಹಾಗಾದರೆ ಹೆಚ್ಚು ಒತ್ತಡ ಇಳಿಯಬೇಕಾದದ್ದು ಇನ್ನೂ ಕಿರಿದಾದ ಲೋಮನಾಳದಲ್ಲಲ್ಲವೇ? ಪ್ವಾಸೆಯ್ ಸೂತ್ರವನ್ನು ಸಮಾನಾಂತರ ನಾಳಗಳಿಗೆ ಬರೆದರೆ ರೋಧ = 8 × ಸ್ನಿಗ್ಧತೆ × ಉದ್ದ ÷ (ಒಟ್ಟು ಅಡ್ಡಕೊಯ್ತ × ತ್ರಿಜ್ಯದ ವರ್ಗ). ಕಿರುಧಮನಿಗೆ ಒಟ್ಟು ಅಡ್ಡಕೊಯ್ತ 40 ಚದರ ಸೆಂ.ಮೀ., ತ್ರಿಜ್ಯ 10 ಮೈಕ್ರಾನ್ ಹಿಡಿಯಿರಿ: 40 × 100 = 4000. ಲೋಮನಾಳಕ್ಕೆ 2500, ತ್ರಿಜ್ಯ 3.5 ಮೈಕ್ರಾನ್: 2500 × 12.25, ಸುಮಾರು 30,600. ಒಂದೇ ಉದ್ದಕ್ಕೆ ಹೋಲಿಸಿದರೆ ಲೋಮನಾಳಗಳ ಒಟ್ಟು ರೋಧ ಏಳೆಂಟು ಪಟ್ಟು ಕಡಿಮೆ. ಸಂಖ್ಯಾಬಲ ಕಿರಿದುತನವನ್ನು ಸೋಲಿಸಿದೆ.

ಎಕೋ_ಲ್ಯಾಬ್:

ಮೇಲಿನ ಉತ್ತರ ಓದಿ ಬರ್ನೌಲಿಗೆ ವೈದ್ಯಕೀಯದಲ್ಲಿ ಕೆಲಸವೇ ಇಲ್ಲ ಅಂದುಕೊಳ್ಳಬೇಡಿ. ಹೃದಯದ ಕವಾಟ ಕಿರಿದಾದಾಗ ಎಕೋ ಯಂತ್ರದಲ್ಲಿ (ಹೃದಯದ ಅಲ್ಟ್ರಾಸೌಂಡ್) ಪ್ರತಿದಿನ ಬಳಸುವುದು ಬರ್ನೌಲಿಯನ್ನೇ.

ಅರ್ಧ × 1060 × ವೇಗದ ವರ್ಗವನ್ನು 133.3ರಿಂದ ಭಾಗಿಸಿ. ಹೆಚ್ಚೂಕಡಿಮೆ 4 ಬರುತ್ತದೆ. ಹಾಗಾಗಿ ಒತ್ತಡ ವ್ಯತ್ಯಾಸ = 4 × ವೇಗದ ವರ್ಗ. ವೇಗ ಸೆಕೆಂಡಿಗೆ ಮೀಟರಿನಲ್ಲಿ, ಉತ್ತರ ಮಿ.ಮೀ. ಪಾದರಸದಲ್ಲಿ. ಮಹಾಪಧಮನಿ ಕವಾಟದಲ್ಲಿ ಡಾಪ್ಲರ್ (ಶಬ್ದದ ಅಲೆಯಿಂದ ರಕ್ತದ ವೇಗ ಅಳೆಯುವ ವಿಧಾನ) 4 ಮೀಟರ್ ವೇಗ ತೋರಿಸಿದರೆ ಗರಿಷ್ಠ ವ್ಯತ್ಯಾಸ 64 ಮಿ.ಮೀ. ವೇಗ 4 ಅಥವಾ ಹೆಚ್ಚು, ಸರಾಸರಿ ವ್ಯತ್ಯಾಸ 40 ಅಥವಾ ಹೆಚ್ಚು ಇದ್ದರೆ ತೀವ್ರ ಕಿರಿದಾಗುವಿಕೆ ಎನ್ನುತ್ತೇವೆ. ಅದರ ಜೊತೆಗೆ ಕವಾಟದ ತೆರಪು 1 ಚದರ ಸೆಂ.ಮೀ. ಅಥವಾ ಕಡಿಮೆ ಇರುತ್ತದೆ. ಸಹಜವಾದದ್ದು 3–4.

ತೆರಪು ಲೆಕ್ಕ ಹಾಕುವುದು ಸಾತತ್ಯ ಸಮೀಕರಣದಿಂದ. ಕವಾಟದ ಕೆಳಗಿನ ಹೊರಹರಿವಿನ ದಾರಿಯ ವ್ಯಾಸ 2 ಸೆಂ.ಮೀ. ಇದ್ದರೆ ವಿಸ್ತೀರ್ಣ 3.14. ಒಂದು ಬಡಿತದಲ್ಲಿ ರಕ್ತ ಅಲ್ಲಿ ಸಾಗುವ ದೂರ 20 ಸೆಂ.ಮೀ., ಕವಾಟದ ಬಾಯಿಯಲ್ಲಿ 90 ಸೆಂ.ಮೀ. ಎಂದಾದರೆ ತೆರಪು 3.14 × 20 ÷ 90 = 0.7 ಚದರ ಸೆಂ.ಮೀ. ಎಡವುವುದು ಸಾಮಾನ್ಯವಾಗಿ ಆ ವ್ಯಾಸದಲ್ಲೇ. 2.0 ಇದ್ದದ್ದನ್ನು 1.8 ಎಂದು ಅಳೆದರೆ ವ್ಯಾಸದ ವರ್ಗ ಬರುವುದರಿಂದ ತೆರಪು ಶೇ. 19 ಕಡಿಮೆ ಬರುತ್ತದೆ.

ಡಾಪ್ಲರ್ ಕಿರಣ ಮತ್ತು ರಕ್ತದ ಚಿಲುಮೆಯ ನಡುವಿನ ಕೋನವೂ ಅಷ್ಟೇ ಮುಖ್ಯ. 20 ಡಿಗ್ರಿ ವಾರೆಯಾದರೆ ವೇಗ ಶೇ. 6 ಕಡಿಮೆ, ಒತ್ತಡ ಶೇ. 12 ಕಡಿಮೆ. 30 ಡಿಗ್ರಿಗೆ ಒತ್ತಡ ಶೇ. 25 ಕಡಿಮೆ. ತೀವ್ರ ರೋಗ ಮಧ್ಯಮ ಎಂದು ಕಾಣಿಸಿಬಿಡುತ್ತದೆ. ಅದಕ್ಕೇ ಹೃದಯದ ತುದಿಯ ಕಡೆಯಿಂದ ಮಾತ್ರ ನೋಡಿ ಬಿಡಬಾರದು, ಎದೆಮೂಳೆಯ ಬಲಬದಿಯಿಂದಲೂ, ಅದರ ಮೇಲಿನ ಗುಳಿಯಿಂದಲೂ ನೋಡಿ ಸಿಕ್ಕ ಅತಿ ಹೆಚ್ಚಿನ ವೇಗವನ್ನು ಬರೆಯಬೇಕು.

ಇನ್ನೊಂದು ಬಲೆ: ಹೃದಯವೇ ದುರ್ಬಲವಾಗಿದ್ದರೆ ತಳ್ಳುವ ರಕ್ತ ಕಡಿಮೆ, ವೇಗ ಕಡಿಮೆ, ಹಾಗಾಗಿ ವ್ಯತ್ಯಾಸವೂ 40ಕ್ಕಿಂತ ಕಡಿಮೆ. ಕವಾಟ ಮಾತ್ರ ತೀವ್ರವಾಗಿ ಕಿರಿದಾಗಿಯೇ ಇರುತ್ತದೆ. ವ್ಯತ್ಯಾಸವೊಂದನ್ನೇ ನಂಬಬಾರದು, ತೆರಪನ್ನೂ ನೋಡಬೇಕು.

ಪಿಯು_ಭೌತಶಾಸ್ತ್ರ:

ತುಂಬಾ ಉಪಯೋಗವಾಯಿತು. 4ರ ಲೆಕ್ಕವನ್ನು ನಾಳೆಯೇ ಬೋರ್ಡಿನ ಮೇಲೆ ಹಾಕುತ್ತೇನೆ. ಇನ್ನೆರಡು ವಿಷಯ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕೊರೊನರಿ ನಾಳದಲ್ಲಿ ಕೊಬ್ಬು ಕಟ್ಟಿದಾಗ ಅಲ್ಲಿ ವೇಗ ಹೆಚ್ಚಿ ಒತ್ತಡ ಇಳಿದು, ಹೊರಗಿನ ಒತ್ತಡಕ್ಕೆ ನಾಳ ಮುಚ್ಚಿಕೊಂಡು ಹೃದಯಾಘಾತವಾಗುತ್ತದೆ ಎಂದು ಪಾಠಗಳಲ್ಲಿ ವಿವರಿಸುವುದುಂಟು. ಇದು ಎಷ್ಟು ಸರಿ? ಮತ್ತೆ, ಪ್ವಾಸೆಯ್ ನಿಯಮವನ್ನು ಪ್ರಯೋಗಾಲಯದಲ್ಲಿ ಕಡಿಮೆ ಖರ್ಚಿನಲ್ಲಿ ತೋರಿಸಲು ದಾರಿ ಇದೆಯೇ?

ನಾಡಿ_ಪಾಠ (ಶರೀರಕ್ರಿಯಾಶಾಸ್ತ್ರ):

ಮೊದಲನೆಯದಕ್ಕೆ ಮತ್ತೆ ಸಂಖ್ಯೆ ಹಾಕೋಣ. ಕೊರೊನರಿಯಲ್ಲಿ ವೇಗ ಸೆಕೆಂಡಿಗೆ 20 ಸೆಂ.ಮೀ. ಇದೆ ಎನ್ನಿ. ವ್ಯಾಸ ಶೇ. 50 ಕುಗ್ಗಿದರೆ ವಿಸ್ತೀರ್ಣ ಕಾಲು ಪಾಲು, ವೇಗ 80 ಸೆಂ.ಮೀ. 4 × 0.64 = 2.6 ಮಿ.ಮೀ. ಅಷ್ಟೇ. ವ್ಯಾಸ ಶೇ. 70 ಕುಗ್ಗಿದರೆ ವಿಸ್ತೀರ್ಣ ಶೇ. 9 ಮಾತ್ರ ಉಳಿಯುತ್ತದೆ. ಹರಿವು ಅಷ್ಟೇ ಇದ್ದರೆ ವೇಗ 2.2 ಮೀಟರ್, ಒತ್ತಡ 20 ಮಿ.ಮೀ. ಇಳಿಯುತ್ತದೆ. ಆಗಲೂ ಒಳಗೆ ಸುಮಾರು 70 ಉಳಿದಿದೆ. ಈ ದೊಡ್ಡ ಕೊರೊನರಿ ನಾಳಗಳು ಹೃದಯದ ಮೇಲ್ಮೈಯಲ್ಲಿ, ಕೊಬ್ಬಿನ ಹಾಸಿನಲ್ಲಿರುವುದರಿಂದ ಹೊರಗಿನಿಂದ ಅವುಗಳ ಮೇಲೆ ಬೀಳುವ ಒತ್ತಡ ಅಲ್ಪ. ಮುಚ್ಚಿಕೊಳ್ಳಲು ಕಾರಣವಿಲ್ಲ. ಬಹುಪಾಲು ಹೃದಯಾಘಾತಗಳಲ್ಲಿ ಆಗುವುದು ಬೇರೆ: ಕೊಬ್ಬಿನ ಗಡ್ಡೆಯ ತೆಳು ಹೊದಿಕೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಮುಂಚೆ ಅರ್ಧವೂ ಕಿರಿದಾಗಿರದ ಜಾಗದಲ್ಲೂ ಇದು ಆಗಬಹುದು. ಮಕ್ಕಳಿಗೆ ಬರ್ನೌಲಿ ಕಥೆಗಿಂತ ಇದನ್ನೇ ಹೇಳುವುದು ಒಳ್ಳೆಯದು.

ಇಳಿದ ಆ 20 ಮಿ.ಮೀ. ಮುಂದೆ ನಾಳ ಅಗಲವಾದಾಗ ಪೂರ್ತಿ ಹಿಂದಿರುಗುವುದಿಲ್ಲ, ಸುಳಿಗಳಲ್ಲಿ ಶಾಖವಾಗಿ ಹೋಗುತ್ತದೆ. ಅದೇ ನಿಜವಾದ ನಷ್ಟ. ಆದರೂ ವಿಶ್ರಾಂತಿಯಲ್ಲಿ ರೋಗಿಗೆ ನೋವಿರುವುದಿಲ್ಲ, ಏಕೆಂದರೆ ಮುಂದಿನ ಕಿರುಧಮನಿಗಳು ತಾವೇ ಸಡಿಲಗೊಂಡು ಒಟ್ಟು ರೋಧವನ್ನು ಸರಿದೂಗಿಸುತ್ತವೆ. ಮೆಟ್ಟಿಲು ಹತ್ತುವಾಗ ಹರಿವು ಮೂರು–ನಾಲ್ಕು ಪಟ್ಟು ಹೆಚ್ಚಬೇಕು. ಆದರೆ ಸಡಿಲವಾಗಬೇಕಾದದ್ದು ಆಗಲೇ ಸಡಿಲವಾಗಿಬಿಟ್ಟಿದೆ. ಎದೆನೋವು ಬರುವುದು ಆಗ. ನಾಳದೊಳಗೆ ತೆಳು ಕೊಳವೆ ತೂರಿಸಿ ಪರೀಕ್ಷಿಸುವ ಕ್ಯಾಥ್ ಲ್ಯಾಬಿನಲ್ಲಿ ಇದನ್ನೇ ಅಳೆಯುತ್ತಾರೆ: ಅಡೆನೋಸಿನ್ ಎಂಬ ಔಷಧ ಕೊಟ್ಟು ಕಿರುಧಮನಿಗಳನ್ನು ಪೂರ್ತಿ ಸಡಿಲಿಸಿ, ಅಡಚಣೆಯ ಮುಂದಿನ ಒತ್ತಡವನ್ನು ಮಹಾಪಧಮನಿಯ ಒತ್ತಡದಿಂದ ಭಾಗಿಸುತ್ತಾರೆ. 65 ÷ 90 = 0.72. ಇದು 0.80 ಅಥವಾ ಕಡಿಮೆ ಇದ್ದರೆ ಅಡಚಣೆ ಲೆಕ್ಕಕ್ಕೆ ಬರುವಂಥದ್ದು. ಎಫ್‌.ಎಫ್‌.ಆರ್. (ಫ್ರಾಕ್ಷನಲ್ ಫ್ಲೋ ರಿಸರ್ವ್) ಎನ್ನುವುದು ಇದಕ್ಕೇ.

ಅರವಳಿಕೆ_ಒಟಿ:

ಪ್ರಯೋಗಕ್ಕೆ ಬರುವ ಮುಂಚೆ ಎತ್ತರದ ವಿಷಯ ಹೇಳಿಬಿಡುತ್ತೇನೆ, ಇಲ್ಲಿ ಯಾರೂ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ದಿನಾ ತಪ್ಪುವುದು ಇಲ್ಲೇ.

ರಕ್ತದ ಒಂದು ಸೆಂ.ಮೀ. ಎತ್ತರ ಅಂದರೆ 0.78 ಮಿ.ಮೀ. ಪಾದರಸ. ಬಿ.ಪಿ. ನೋಡುವಾಗ ತೋಳು ಹೃದಯಕ್ಕಿಂತ 15 ಸೆಂ.ಮೀ. ಕೆಳಗೆ ಜೋತುಬಿದ್ದರೆ ಸುಮಾರು 12 ಮಿ.ಮೀ. ಹೆಚ್ಚು ಬರುತ್ತದೆ. 128 ಇರುವವರಿಗೆ 140 ಎಂದು ಬರೆದು ಮಾತ್ರೆ ಶುರುವಾಗಬಹುದು. ಮಣಿಕಟ್ಟಿಗೆ ಕಟ್ಟುವ ಯಂತ್ರದಲ್ಲಿ ಈ ದೋಷ ಇನ್ನೂ ಸುಲಭ. ಕಫ್‌ನ ಮಧ್ಯಭಾಗ ಎದೆಮೂಳೆಯ ನಡುಮಟ್ಟದಲ್ಲಿ ಇರಬೇಕು, ತೋಳಿಗೆ ಮೇಜಿನ ಆಸರೆ ಬೇಕು, ರೋಗಿ ತಾನೇ ಕೈ ಎತ್ತಿ ಹಿಡಿದಿರಬಾರದು. ಬೆನ್ನಿಗೆ ಒರಗು, ಪಾದ ನೆಲಕ್ಕೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಅಳತೆ. ಮಾತಾಡಬಾರದು. ಕಫ್ ಒಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ ಶೇ. 80, ಅಗಲ ಶೇ. 40. ದಪ್ಪ ತೋಳಿಗೆ ಚಿಕ್ಕ ಕಫ್ ಹಾಕಿದರೆ ಒತ್ತಡ ಒಳಗಿನ ನಾಳದವರೆಗೆ ಪೂರ್ತಿ ತಲುಪುವುದಿಲ್ಲ, ಹೆಚ್ಚು ಗಾಳಿ ತುಂಬಬೇಕಾಗುತ್ತದೆ, ಓದು ಸುಳ್ಳಾಗಿ ಏರುತ್ತದೆ. ಗಾಳಿ ಬಿಡುವುದು ಸೆಕೆಂಡಿಗೆ 2 ಮಿ.ಮೀ. ಅವಸರದಲ್ಲಿ ಬಿಟ್ಟರೆ ಮೇಲಿನ ಸಂಖ್ಯೆ ಕಡಿಮೆ, ಕೆಳಗಿನದು ಹೆಚ್ಚು ಬರುತ್ತದೆ, ಏಕೆಂದರೆ ಎರಡು ಬಡಿತಗಳ ನಡುವೆ ಮುಳ್ಳು ಬಹಳ ಇಳಿದಿರುತ್ತದೆ.

ನಿಂತಾಗ ಪಾದ ಹೃದಯಕ್ಕಿಂತ ಸುಮಾರು 120 ಸೆಂ.ಮೀ. ಕೆಳಗೆ, ಅಂದರೆ 94 ಮಿ.ಮೀ. ಹೆಚ್ಚುವರಿ. ಆದರೂ ರಕ್ತ ಮೇಲಕ್ಕೆ ಬರುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಆ 94 ಅಪಧಮನಿಗೂ ಸೇರುತ್ತದೆ, ಅಭಿಧಮನಿಗೂ ಸೇರುತ್ತದೆ. ಹರಿವನ್ನು ನಡೆಸುವ ವ್ಯತ್ಯಾಸ ಹಾಗೇ ಉಳಿಯುತ್ತದೆ. ತೊಂದರೆ ಬರುವುದು ಅಭಿಧಮನಿಗಳು ಹಿಗ್ಗುವುದರಿಂದ: ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಸರಿಯುತ್ತದೆ. ನಡೆದರೆ ಮೀನಖಂಡದ ಸ್ನಾಯು ಹಿಂಡಿ, ಕವಾಟಗಳು ಹಿಂದೆ ಬಿಡದೆ, ಪಾದದ ಅಭಿಧಮನಿಯ ಒತ್ತಡ 30ಕ್ಕಿಂತ ಕೆಳಗೆ ಇಳಿಯುತ್ತದೆ. ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂತರೆ ಪಾದ ಊದುವುದು ಈ ಹಿಂಡುವಿಕೆ ಇಲ್ಲದ್ದರಿಂದ.

ಈಗ ಪ್ರಯೋಗ. ಬೇಕಾದ್ದು ಒಂದು ಡ್ರಿಪ್ ಸೆಟ್, 18 ಗೇಜಿನ ಹಸಿರು ಕ್ಯಾನುಲಾ (ಡ್ರಿಪ್ ಹಾಕಲು ರಕ್ತನಾಳಕ್ಕೆ ತೂರಿಸುವ ಕೊಳವೆ), ಅದಕ್ಕಿಂತ ತೆಳುವಾದ 22 ಗೇಜಿನ ನೀಲಿ ಕ್ಯಾನುಲಾ, ಅಳತೆ ಜಾಡಿ, ಗಡಿಯಾರ. ಕ್ಯಾನುಲಾದ ಸೂಜಿಯನ್ನು ನೀವೇ ಮೊದಲು ತೆಗೆದು ಸೂಜಿ ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಪ್ಲಾಸ್ಟಿಕ್ ಕೊಳವೆ ಮಾತ್ರ ಕೊಡಿ. ನೀರಿನ ಮೇಲ್ಮೈಯಿಂದ ಕ್ಯಾನುಲಾ ತುದಿಗೆ ಸರಿಯಾಗಿ 1 ಮೀಟರ್ ಇರಲಿ, ಅದು 74 ಮಿ.ಮೀ. ಪಾದರಸಕ್ಕೆ ಸಮ. ಸೆಟ್ಟಿನ ಗಾಳಿಕಿಂಡಿ ತೆರೆದಿರಬೇಕು, ಇಲ್ಲದಿದ್ದರೆ ಬಾಟಲಿಯೊಳಗೆ ಒತ್ತಡ ತಗ್ಗಿ ಹರಿವು ತಾನೇ ನಿಧಾನವಾಗುತ್ತದೆ. ಕೊಳವೆಯ ಗುಳ್ಳೆಗಳನ್ನೆಲ್ಲ ಹೊರಹಾಕಿ, ತಿರುಪು ಪೂರ್ತಿ ತೆರೆದು, ಒಂದೊಂದು ನಿಮಿಷ ಹಿಡಿಯಿರಿ: ಮೊದಲು ಕ್ಯಾನುಲಾ ಇಲ್ಲದೆ, ಆಮೇಲೆ ಹಸಿರು, ಆಮೇಲೆ ನೀಲಿ. ಪ್ರತಿ ಸಲ ನೀರಿನ ಮಟ್ಟ ಮತ್ತೆ ಅಷ್ಟಕ್ಕೇ ತನ್ನಿ.

ನೇರವಾಗಿ ನಾಲ್ಕನೇ ಘಾತ ಹುಡುಕಿದರೆ ನಿರಾಶೆಯಾಗುತ್ತದೆ, ಏಕೆಂದರೆ ಸೆಟ್ಟಿನ ರೋಧವೂ ಸರಣಿಯಲ್ಲಿ ಸೇರಿಕೊಂಡಿದೆ. ಅದನ್ನು ಕಳೆಯಬೇಕು. ಉದಾಹರಣೆಗೆ ಸೆಟ್ ಮಾತ್ರ ಇದ್ದಾಗ 120 ಮಿ.ಲೀ., ನೀಲಿಗೆ 30 ಮಿ.ಲೀ. ಬಂತು ಎನ್ನಿ. ರೋಧ ಅಂದರೆ ಎತ್ತರ (100 ಸೆಂ.ಮೀ.) ÷ ಹರಿವು: 100 ÷ 120 = 0.83, 100 ÷ 30 = 3.33. ಕ್ಯಾನುಲಾದ್ದು ಮಾತ್ರ 2.5, ಅಂದರೆ ಅದೊಂದೇ ಇದ್ದರೆ ನಿಮಿಷಕ್ಕೆ 40 ಮಿ.ಲೀ. ಪ್ಯಾಕೆಟ್ ಮೇಲೆ ಮುದ್ರಿಸಿರುವ ಹರಿವಿನ ಜೊತೆ ಇದನ್ನು ಹೋಲಿಸಬಹುದು: ನೀಲಿಗೆ 36ರ ಆಸುಪಾಸು, ಹಸಿರಿಗೆ 90–100ರ ಆಸುಪಾಸು ಇರುತ್ತದೆ. ಒಳವ್ಯಾಸ ಸುಮಾರು ಒಂದೂವರೆ ಪಟ್ಟು, ಅದರ ನಾಲ್ಕನೇ ಘಾತ 5. ಹಸಿರು 45 ಮಿ.ಮೀ., ನೀಲಿ 25 ಮಿ.ಮೀ. ಉದ್ದ ಇರುವ ಜೋಡಿಯಾದರೆ 5 × 25 ÷ 45 = 2.8. ಪ್ಯಾಕೆಟ್ಟಿನ ಅನುಪಾತಕ್ಕೆ ತಾಳೆಯಾಗುತ್ತದೆ. ರಕ್ತಸ್ರಾವವಾಗುತ್ತಿರುವವರಿಗೆ ದಪ್ಪ, ಗಿಡ್ಡ ಕ್ಯಾನುಲಾ ಹಾಕುವುದು, ಕತ್ತಿನ ಉದ್ದನೆಯ ತೆಳು ಲೈನನ್ನು ನೆಚ್ಚದಿರುವುದು ಇದಕ್ಕೇ.

ಸ್ನಿಗ್ಧತೆ ತೋರಿಸಬೇಕಾದರೆ ತೂಕದಲ್ಲಿ 40 ಪಾಲು ಗ್ಲಿಸರಿನ್, 60 ಪಾಲು ನೀರು ಬೆರೆಸಿ. ಅದು ನೀರಿನ ಮೂರು–ನಾಲ್ಕು ಪಟ್ಟು ಸ್ನಿಗ್ಧ, ರಕ್ತದ ಹತ್ತಿರ. ಹರಿವು ಅದೇ ಲೆಕ್ಕದಲ್ಲಿ ಇಳಿಯುವುದು ಕಾಣುತ್ತದೆ.

ನಾಡಿ_ಪಾಠ (ಶರೀರಕ್ರಿಯಾಶಾಸ್ತ್ರ):

ಮೇಡಂ, ಪ್ರಯೋಗ ಬಹಳ ಚೆನ್ನಾಗಿದೆ. ಒಂದು ತಿದ್ದುಪಡಿ ಸೇರಿಸಿದರೆ ಬರ್ನೌಲಿಯೂ ಅಲ್ಲೇ ಸಿಗುತ್ತದೆ. ನೀಲಿ ಕ್ಯಾನುಲಾದಲ್ಲಿ ನಿಮಿಷಕ್ಕೆ 30 ಮಿ.ಲೀ. ಅಂದರೆ ತುದಿಯಲ್ಲಿ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ವೇಗದ ವರ್ಗವನ್ನು 19.6ರಿಂದ ಭಾಗಿಸಿದರೆ 11–12 ಸೆಂ.ಮೀ. ನೀರು. 1 ಮೀಟರ್ ಎತ್ತರದಲ್ಲಿ ಅಷ್ಟು ವೇಗಕ್ಕೇ ಹೋಗಿದೆ, ಘರ್ಷಣೆಗೆ ಉಳಿದದ್ದು 88 ಸೆಂ.ಮೀ. ರೋಧದ ಲೆಕ್ಕದಲ್ಲಿ ನೀಲಿಗೆ 100ರ ಬದಲು 88 ಹಾಕಿ. ಹಸಿರಿಗೆ ಅದರದೇ ವೇಗ ಲೆಕ್ಕ ಹಾಕಿ ಕಳೆಯಿರಿ. ಹಸಿರಿಗೆ ಸೆಟ್ ಸಮೇತ ನಿಮಿಷಕ್ಕೆ 100 ಮಿ.ಲೀ. ದಾಟಿಬಿಟ್ಟರೆ ರೆನಾಲ್ಡ್ಸ್ ಸಂಖ್ಯೆ (ಹರಿವು ನಯವೋ, ಸುಳಿಗಳದೋ ಎಂದು ತಿಳಿಸುವ ಸಂಖ್ಯೆ) 2000 ಮೀರುತ್ತದೆ, ಅಲ್ಲಿ ಪ್ವಾಸೆಯ್ ಸೂತ್ರವನ್ನು ನಂಬಬೇಡಿ. ಬಾಟಲಿಯನ್ನು ಅರ್ಧ ಮೀಟರಿಗೆ ಇಳಿಸಿ ಮತ್ತೆ ಅಳೆಯಿರಿ.